ಒಂದೇ ಟಿಕೀಟಿನಲ್ಲಿ ನೋಡಿದ ಕೊಲೆ

ಶುಕ್ರವಾರ ಇಚಲಕರಂಜಿಯಲ್ಲಿ ಮಗ್ಗಗಳಿಗೆ ರಜೆ. ಉಳಿದ ದಿನ ಖಟಖಟದಲ್ಲಿ ಪಕ್ಕದ ಮನೆಯ ಜಗಳವೂ ಕೇಳಿಸದ ನಮ್ಮ ಓಣಿಯಲ್ಲಿ ಆ ದಿನ ಸೊಳ್ಳೆ ಹಾರಿದರೂ ಕೇಳುತ್ತದೆ. ಕಳೆದ ಶುಕ್ರವಾರ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆ. ಒಳಗೆ ಮೊಮ್ಮಗಳು ಸುಮಿಯ ಮೊಬೈಲಿನಿಂದ ಒಂದು ಪಿಟೀಲಿನ ಸ್ವರ ಬಂತು. ಮೇಲೆ ಮೇಲೆ ಏರಿ, ಯಾರೋ ಬಾಯಿ ಮುಚ್ಚಿದಂತೆ ಥಟ್ಟನೆ ನಿಲ್ಲುವ ಸ್ವರ. ಸೊಪ್ಪು ಅಲ್ಲೇ ಬಿಟ್ಟು ಎದ್ದೆ.

"ಏ ಸುಮಿ, ಅದರಾಗ ಗುಡ್ಡದ ಮ್ಯಾಲ ಒಂದ ಬಂಗಲೆ ಐತೇನ? ಸತ್ತಾಕಿ ಒಬ್ಬಾಕಿ ಸಾಹುಕಾರ ಮುದುಕಿ?"

"ಹೌದ. ನೀ ನೋಡೀಯೇನಜ್ಜಿ?"

"ಅರ್ಧಾ ನೋಡೇನಿ. ಉಳಿದದ್ದ ಇವತ್ತ ನೋಡಾಕಿ. ಅತ್ತಾಗ ಸರಿ."

ಅರ್ಧ ಸಿನಿಮಾ ನೋಡುವುದು ಎಂಥದು ಎಂದು ನೀವು ಕೇಳಬಹುದು. ಹೇಳುತ್ತೇನೆ. ನನ್ನ ಹರೆಯದಲ್ಲಿ ನಾನೂ ಗೆಳತಿ ಕಾಶವ್ವನೂ ಒಬ್ಬನೇ ಮಾಲಕನ ಕೈಕೆಳಗೆ ಕಾಂಡಿ ಸುತ್ತುತ್ತಿದ್ದೆವು. ಮಗ್ಗದ ಲಾಳಿಯೊಳಗೆ ಇಡುವ ಕಡ್ಡಿಗೆ ನೂಲು ಸುತ್ತುವ ಕೆಲಸ ಅದು. ಬೆಳಗಿನ ಪಾಳಿ ಅವಳದು, ಮಧ್ಯಾಹ್ನದ್ದು ನನ್ನದು. ಕಾರ್ಖಾನೆಯ ಬೆನ್ನಿಗೇ ಟಾಕೀಜು. ಸಿನಿಮಾದ ಇಂಟರ್‌ವಲ್ಲಿಗೂ ನಮ್ಮ ಪಾಳಿಯ ಬದಲಿಗೂ ಒಂದೇ ಹೊತ್ತು. ಅದಕ್ಕೆ ಇಬ್ಬರೂ ಕೂಡಿ ಒಂದೇ ಟಿಕೀಟು ತೆಗೆಸುತ್ತಿದ್ದೆವು. ಮೊದಲರ್ಧ ನಾನು ನೋಡಿ, ಹರಿದ ಟಿಕೀಟನ್ನು ಬಾಗಿಲಲ್ಲಿ ಕಾಶವ್ವನ ಕೈಗೆ ಕೊಟ್ಟು ಕೆಲಸಕ್ಕೆ ಓಡುವುದು. ಉಳಿದದ್ದು ಅವಳು ನೋಡುವುದು. ಮರುದಿನ ನಾನು ಅವಳಿಗೆ ತಲೆ ಹೇಳಬೇಕು, ಅವಳು ನನಗೆ ಬಾಲ ಹೇಳಬೇಕು. ಹಾಡು ಯಾರ ಪಾಲಿಗೆ ಹೆಚ್ಚು ಬಂದವು ಎಂದು ಜಗಳವೂ ಆಗುತ್ತಿತ್ತು. ಹೀಗೆ ಎಷ್ಟೋ ನಾಯಕರ ಮದುವೆಯನ್ನು ನಾನು ಕಣ್ಣಿಂದ ಕಂಡೇ ಇಲ್ಲ. ಅದರಿಂದ ನನಗೇನೂ ಕಡಿಮೆಯಾಗಿಲ್ಲ.

ಈ ಸಿನಿಮಾ ಬಂದಾಗ ಊರೆಲ್ಲ ಮುಗಿಬಿದ್ದಿತ್ತು. ಯಾವುದೋ ಇಂಗ್ಲಿಷ್ ಪುಸ್ತಕದ ಕಥೆಯಂತೆ. ಬೇರೆ ಸಿನಿಮಾದಲ್ಲಿ ಒಬ್ಬೊಬ್ಬರೇ ಮೆರೆಯುವ ದೊಡ್ಡ ದೊಡ್ಡ ನಟರೆಲ್ಲ ಇದರಲ್ಲಿ ಒಂದೇ ಬಂಗಲೆಯಲ್ಲಿ ಸೇರಿದ್ದರು. ಮುದುಕಿಯ ಮಗ, ಸೊಸೆ, ವಕೀಲ, ಡಾಕ್ಟರ್, ಹಾಡುವವಳು, ಕುಂಟುವ ಮಿಲಿಟರಿಯವನು. ಎಲ್ಲರ ಮೇಲೂ ಸಂಶಯ.

ಅದೇ ವಾರ ನಮ್ಮ ಮಾಲಕನ ದೇವರ ಜಗಲಿಯ ಮೇಲಿನ ಬೆಳ್ಳಿಯ ತಂಬಿಗೆ ಕಾಣೆಯಾಗಿತ್ತು. ಕುಡಿಯುವ ನೀರು ತರಲು ಆ ಮನೆಯೊಳಗೆ ಹೋಗುತ್ತಿದ್ದವಳು ಕಾಶವ್ವ. ಸೋಮವಾರ ಎಲ್ಲ ಕೆಲಸಗಾರರೂ ಬೀರಪ್ಪನ ಭಂಡಾರ ಮುಟ್ಟಿ ಆಣೆ ಮಾಡಬೇಕು ಎಂದು ಮಾಲಕ ಹೇಳಿದ. ಭಂಡಾರವೆಂದರೆ ದೇವರ ಅರಿಷಿಣ ಪುಡಿ. ಕುರುಬರ ಮಕ್ಕಳು ನಾವು, ಅದರ ಮೇಲೆ ಸುಳ್ಳು ಆಡುವುದಿಲ್ಲ. ಆಡಿದರೆ ಕೈ ನಡುಗುತ್ತದೆ ಎಂದು ನಂಬಿಕೆ. ಕಾಶವ್ವನ ಬಲಗೈ ಸಣ್ಣಂದಿನ ಜ್ವರದಿಂದ ಯಾವಾಗಲೂ ನಡುಗುತ್ತಿತ್ತು. ಕಳ್ಳಿ ಎಂದು ಒಮ್ಮೆ ಹೆಸರು ಬಿದ್ದರೆ ಈ ಊರಿನ ಯಾವ ಕಾರ್ಖಾನೆಯ ಬಾಗಿಲೂ ತೆರೆಯುವುದಿಲ್ಲ. ಗಂಡ ಸತ್ತವಳು, ಮಡಿಲಲ್ಲಿ ಹೆಣ್ಣುಮಗು.

"ಅಕ್ಕಾ, ನಾ ಊರಿಗೆ ಹೋಕ್ಕೀನಿ," ಅಂದಳು.

"ಹೋದರ ಕದ್ದೀ ಅಂತನ ಆತು. ಕೂಡ್ರ ಸುಮ್ನ. ಮೊದಲ ಸಿನಿಮಾ ನೋಡೂಣು," ಅಂದೆ.

ಶನಿವಾರ ನನ್ನ ಪಾಲಿನ ಅರ್ಧ ನೋಡಿದೆ. ಪತ್ತೇದಾರ ಎಲ್ಲರನ್ನೂ ಒಂದೇ ಪಡಸಾಲೆಯಲ್ಲಿ ಒಂದೇ ನಮೂನೆಯ ಕುರ್ಚಿಯ ಮೇಲೆ ಕೂರಿಸಿದ. ಬಾಗಿಲಲ್ಲಿ ನಿಂತ ಕೆಲಸದವಳ ಕಡೆಗೆ ಎಲ್ಲರೂ ಬೆರಳು ತೋರಿಸುತ್ತಿದ್ದರು. ಅವಳಿಗೂ ಒಂದು ಕುರ್ಚಿ ಹಾಕಿಸಿ, ಮೊದಲು ಮನೆಯವರನ್ನೇ ಕೇಳುತ್ತೇನೆ ಎಂದ. ಮಗನ ಮುಖ ಬಿಳಿಚಿತು. ಅಲ್ಲಿಗೆ ಇಂಟರ್‌ವಲ್. ನನಗೆ ಮುಂದಿನದು ಬೇಕಾಗಿರಲಿಲ್ಲ. ಕೆಲಸದವಳು ಪಾರಾದಳು ಎಂದುಕೊಂಡು, ಕಾಶವ್ವನ ಕೈಗೆ ಟಿಕೀಟು ತುರುಕಿ ಓಡಿದೆ.

ಮರುದಿನ ಬಾಲ ಹೇಳು ಎಂದರೆ, "ನಿದ್ದಿ ಹತ್ತಿತ್ತಕ್ಕಾ," ಅಂದಳು. ಅವಳ ಚಿಂತೆ ನನಗೆ ಗೊತ್ತಿತ್ತು. ಬೈಯಲಿಲ್ಲ.

ಸೋಮವಾರ ಅಂಗಳದಲ್ಲಿ ಭಂಡಾರದ ತಾಟು ಇಟ್ಟರು. ಮಾಲಕ ಕಾಶವ್ವನನ್ನೇ ಮೊದಲು ಕರೆದ. ನಾನು ಅಡ್ಡ ನಿಂತೆ.

"ಮಾಲಕರ, ತಂಬಿಗಿ ಹೋದದ್ದ ನಿಮ್ಮ ಮನ್ಯಾಗಿಂದ. ಮೊದಲ ಮನಿ ಮಂದಿ ಮುಟ್ಟಲಿ. ಆಮ್ಯಾಲ ನಾವು."

"ಕಾಯ್ ಗ, ಲಯ್ ಶಾಣೀ ಝಾಲೀಸ್ ಕಾ?" ಎಂದು ಮರಾಠಿಯಲ್ಲೇ ಗದರಿದ. ಭಾಳ ಶಾಣ್ಯಾಕಿ ಆದೆಯಾ ಎಂದು.

"ಶಾಣ್ಯಾಕಿ ಅಲ್ರಿ. ದೇವರಿಗೆ ಮಾಲಕ ಬ್ಯಾರೆ, ಕೂಲ್ಯಾರ ಬ್ಯಾರೆ ಅದಾರೇನ್ರಿ?"

ನನ್ನ ಕಾಲು ನಡುಗುತ್ತಿದ್ದವು. ಸೀರೆ ಮುಚ್ಚಿಕೊಂಡಿದ್ದರಿಂದ ಯಾರಿಗೂ ಕಾಣಲಿಲ್ಲ. ಬಾಯಿ ಮಾತ್ರ ನಿಲ್ಲಲಿಲ್ಲ. ಆ ಪತ್ತೇದಾರ ಬೆನ್ನ ಹಿಂದೆ ನಿಂತಂತೆಯೇ ಇತ್ತು ನನಗೆ. ಹಿಂದಿನ ಹೆಂಗಸರೂ "ಖರೇನ ಐತ್ರಿ" ಎನ್ನತೊಡಗಿದರು. ಆಗ ಮಾಲಕನ ಮುದಿ ತಾಯಿ ತಾನಾಗಿಯೇ ಒಳಗಿನಿಂದ ಬಂದು, "ಅವಳು ಹೇಳುವುದರಲ್ಲಿ ತಪ್ಪೇನು" ಎಂದು ಮರಾಠಿಯಲ್ಲಿ ಅಂದು ತಾಟಿಗೆ ಕೈ ಚಾಚಿದಳು. ವಯಸ್ಸಾದ ಕೈ. ಎಷ್ಟು ನಡುಗಿತೆಂದರೆ ಭಂಡಾರವೆಲ್ಲ ಅವಳ ಬಿಳಿ ಸೀರೆಯ ಮೇಲೆ ಚೆಲ್ಲಿತು.

ಈಗ ಯಾರ ಕೈಯನ್ನು ಯಾರು ಕಳ್ಳಗೈ ಎನ್ನಬೇಕು? ಮಾಲಕ ತಾಯಿಯ ಸೀರೆ ಝಾಡಿಸಿ, ತಾಟು ಎತ್ತಿಕೊಂಡು ಒಳಗೆ ಹೋದ. "ಕಾಮಾಲಾ ಲಾಗಾ," ಎಂದು ಒಳಗಿನಿಂದಲೇ ಕೂಗಿದ, ಕೆಲಸಕ್ಕೆ ಹತ್ತಿರಿ ಎಂದು. ಕಾಶವ್ವ ಮುಂದೆ ಅಲ್ಲೇ ಕಾಂಡಿ ಸುತ್ತಿ ಮಗಳ ಮದುವೆ ಮಾಡಿದಳು. ತಂಬಿಗೆ ಯಾರು ಒಯ್ದರೋ, ಅದು ಇವತ್ತಿಗೂ ನನಗೆ ಗೊತ್ತಿಲ್ಲ.

ಕಳೆದ ಶುಕ್ರವಾರ ಸುಮಿಯ ಪಕ್ಕದಲ್ಲಿ ಕೂತು ಉಳಿದರ್ಧ ನೋಡಿದೆ. ಕೊಂದವಳು ಆ ಕೆಲಸದವಳೇ! ಕುರ್ಚಿ ಹಾಕಿ ಕೂರಿಸಿದ ಪತ್ತೇದಾರನೇ ಕೊನೆಗೆ ಅವಳ ಕೈಗೆ ಬೇಡಿ ಹಾಕಿಸಿದ. ಮನೆಯವರೆಲ್ಲ ಚಹಾ ಕುಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಕಾಶವ್ವ ಈಗ ಗಡಹಿಂಗ್ಲಜದಲ್ಲಿ ಮಗಳ ಮನೆಯಲ್ಲಿದ್ದಾಳೆ. ಸುಮಿಗೆ ಹೇಳಿ ಫೋನು ಹಚ್ಚಿಸಿದೆ.

"ಕಾಶವ್ವಾ, ಆ ಬಂಗಲೆ ಸಿನಿಮಾ ಪೂರಾ ನೋಡಿದೆ. ಆ ಹೆಣ್ಮಗಳನ್ನ ಹಿಡಕೊಟ್ಟಾನಲ್ಲ ಆ ಹಾಟ್ಯಾ ಪತ್ತೇದಾರ!"

ಆ ಕಡೆ ಕಾಶವ್ವ ನಕ್ಕಳು.

"ನನಗ ಅವತ್ತ ಗೊತ್ತಿತ್ತಕ್ಕಾ."

"ನಿದ್ದಿ ಹತ್ತಿತ್ತಂದಿದ್ದಿ?"

"ಯಾವ ನಿದ್ದಿ? ಕಣ್ಣ ಪಿಳಕಸದ ನೋಡೇನಿ. ಬೇಡಿ ಹಾಕೂಮುಂದ ನನಗ ಹಾಕಿದಂಗ ಆಗಿತ್ತ. ನಿನಗ ಹೇಳಿದ್ದರ ಸೋಮವಾರ ನೀ ಬಾಯಿ ತೆರೀತಿದ್ದೇನ?"

"ತೆರೀತಿದ್ದೆ," ಅಂದೆ.

"ಖರೇನ?"

ಚಾರ್ಜು ಹೋಯಿತು ಎಂದು ಫೋನು ಇಟ್ಟುಬಿಟ್ಟೆ. ಚಾರ್ಜು ಇತ್ತು.

ಅಂದಿನಿಂದ ಕೂತಲ್ಲಿ ನಿಂತಲ್ಲಿ ಅದನ್ನೇ ಯೋಚಿಸಿದ್ದೇನೆ. ಪತ್ತೇದಾರನನ್ನು ನನ್ನ ಬೆನ್ನ ಹಿಂದಿನಿಂದ ತೆಗೆದು ಹಾಕಿ, ಆ ಅಂಗಳದಲ್ಲಿ ನನ್ನನ್ನು ಒಬ್ಬಳನ್ನೇ ನಿಲ್ಲಿಸಿ ನೋಡಿದ್ದೇನೆ. ಕಾಲು ಇನ್ನೂ ಜೋರಾಗಿ ನಡುಗುತ್ತಿದ್ದವು, ಅದು ಖರೆ. ಆದರೆ ಕಾಶವ್ವನ ಆ ಕೈಯನ್ನು ತಾಟಿನ ಕಡೆ ಹೋಗಗೊಡುತ್ತಿರಲಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಗಡಹಿಂಗ್ಲಜಕ್ಕೆ ಹೋಗುವವಳಿದ್ದೇನೆ. ಇದನ್ನು ಅವಳ ಎದುರಿಗೆ ಕೂತೇ ಹೇಳಬೇಕು. ನಂಬುವುದು ಬಿಡುವುದು ಅವಳಿಗೆ ಬಿಟ್ಟದ್ದು.