ಗುಜರಿ ಸೀಟಿನ ಮೇಲೆ ಆರು ವಾರ

ಬೆಳಗಿನ ಐದು ಗಂಟೆ. ಒಂದೇ ಕೋಣೆಯ ಮನೆಯಲ್ಲಿ, ಒಲೆಗೂ ಬಾಗಿಲಿಗೂ ನಡುವೆ, ‘ಬಕೆಟ್ ಅಕ್ಕ’ ಬಸ್ ಸೀಟಿನ ಮೇಲೆ ಕಣ್ಣು ಬಿಡುತ್ತಾರೆ. ಬಸ್ಸಿಲ್ಲ, ಸೀಟಷ್ಟೇ. ಬಲಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿದೆ. ಮೊಣಕೈಯಡಿ ಮಡಚಿಟ್ಟ ಹಳೇ ಹೊದಿಕೆ. ಎಡಗೈಯಿಂದ ಪಕ್ಕದ ಹಿಡಿ ಎಳೆದು ಬೆನ್ನು ನೇರ ಮಾಡಿಕೊಳ್ಳುತ್ತಾರೆ. “ಅತ್ತೆ, ನಿಮ್ಮ ಸ್ಟಾಪ್ ಬಂತು” ಎಂದು ಸೊಸೆ ಚಹಾ ಹಿಡಿಯುತ್ತಾಳೆ.

ಈ ಹೊತ್ತಿಗೆ ಅವರು ಡಿಪೋದಲ್ಲಿರಬೇಕಿತ್ತು. ಇಪ್ಪತ್ತಮೂರು ವರ್ಷದಿಂದ ಬಕೆಟ್ ಹಿಡಿದು ಬಸ್ ತೊಳೆಯುವ ಕೆಲಸ: ಇಬ್ಬರು ಹೆಂಗಸರು, ದಿನಕ್ಕೆ ಮೂವತ್ತು ಬಸ್ಸು. ವಾಂತಿ, ಉಗುಳು, ಕಡಲೆಸಿಪ್ಪೆ ಎಲ್ಲ ಬಳಿದು, ತೊಳೆದು, ಒರೆಸಬೇಕು. ನಾವು ಬೆಳಿಗ್ಗೆ ಮೂಗು ಮುಚ್ಚಿಕೊಳ್ಳದೆ ಬಸ್ ಹತ್ತುತ್ತೇವಲ್ಲ, ಅದು ತಾನಾಗಿ ಆಗುವುದಲ್ಲ ಸ್ವಾಮಿ.

ಬಸ್ಸಿನ ಮೇಲ್ಭಾಗ ತೊಳೆಯಲು ಹತ್ತುವ ಏಣಿಯ ಒಂದು ಕಾಲಿನ ರಬ್ಬರು ಹೋಗಿ ವರ್ಷವಾಗಿತ್ತು. ಅಕ್ಕ ಮೂರು ಸಲ ಹೇಳಿದ್ದರು. “ನಾಳೆ ನಾಳೆ ಅಂದ್ರು. ಸೋಪಿನ ನೀರಲ್ಲಿ ಏಣಿ ಜಾರ್ತು, ಭುಜದ ಮೇಲೇ ಬಿದ್ದೆ.” ಆಸ್ಪತ್ರೆಯಲ್ಲಿ ಹರಿದ ಸ್ನಾಯು ಹೊಲಿದರು. ಕಚೇರಿಯ ವರದಿಯಲ್ಲಿ ಮಾತ್ರ ‘ಸ್ವಂತ ಅಜಾಗರೂಕತೆ’ ಎಂದು ಬರೆದರು. ಗಾಯದ ಮೇಲೆ ಬರೆ ಎಂದರೆ ಇದೇ.

ಆರು ವಾರ ಚಪ್ಪಟೆಯಾಗಿ ಮಲಗಕೂಡದು, ಒರಗಿಯೇ ನಿದ್ದೆ ಮಾಡಿ ಎಂದರು ಡಾಕ್ಟರು. ಹೇಳುವುದು ಸುಲಭ. ಗೋಡೆಗೆ ಒರಗಿದರೆ ಕತ್ತು ವಾಲುತ್ತದೆ, ದಿಂಬು ಪೇರಿಸಿದರೆ ಜಾರುತ್ತವೆ. “ನಾಲ್ಕು ದಿನ ಕಣ್ಣಿಗೆ ಕಣ್ಣು ಹತ್ತಲಿಲ್ಲ ಕಣಪ್ಪ. ನಿದ್ದೆ ಇಲ್ದೆ ಗಾಯ ಹೇಗೆ ಮಾಯುತ್ತೆ?”

ಸುದ್ದಿ ಕೇಳಿದ ಡಿಪೋದ ಮೆಕ್ಯಾನಿಕ್, ಗುಜರಿ ರಾಶಿಯಲ್ಲಿ ನಾಲ್ಕು ವರ್ಷದಿಂದ ಮಳೆಗೆ ನೆನೆಯುತ್ತಿದ್ದ ಒರಗು ಸೀಟೊಂದನ್ನು ಬಿಚ್ಚಿ, ಹಲಗೆಗೆ ಬಿಗಿದು ತಂದಿಟ್ಟರು. “ಹಿಡಿ ಎಳೆದು ಸೀಟಿನ ಬೆನ್ನನ್ನ ಮೂರನೇ ಹಲ್ಲಿಗೆ ನಿಲ್ಸಿದ್ರೆ ನೋವೇ ಇಲ್ಲ. ಮೊಣಕೈಗೆ ಎತ್ತರ ಕೊಟ್ರೆ ಕೈ ಹಿಂದಕ್ಕೆ ಬೀಳಲ್ಲ. ಮೊದಲನೇ ದಿನ ಸತ್ತೋಳ ಹಾಗೆ ಮಲಗಿಬಿಟ್ಟೆ” ಎಂದು ಅಕ್ಕ ನಗುತ್ತಾರೆ.

ನಾಯಿಯೂ ಮೂಸದಿದ್ದ ಆ ಸೀಟು ಈಗ ಇದ್ದಕ್ಕಿದ್ದಂತೆ ‘ಸಂಸ್ಥೆಯ ಸ್ವತ್ತು’! ಏಳು ದಿನದೊಳಗೆ ಹಿಂದಿರುಗಿಸದಿದ್ದರೆ ಕ್ರಮ ಎಂದು ನೋಟಿಸು ಬಂದಿದೆ. ಏಣಿಗೊಂದು ರಬ್ಬರು ಹಾಕಿಸಲು ವರ್ಷ ಸಾಲದವರಿಗೆ, ಸೀಟು ಹುಡುಕಿಕೊಂಡು ಬರಲು ಎರಡು ವಾರ ಸಾಕಾಯಿತು. ಥೂ, ಇವರ ಜನ್ಮಕ್ಕಿಷ್ಟು!

ನಾನು ಅಕ್ಕನನ್ನು ಮಾತಾಡಿಸುತ್ತಿರುವಾಗಲೇ, ನೋಟಿಸಿನ ಗಡುವು ಮುಗಿಯುವ ಮೊದಲೇ, ಡಿಪೋ ಉಗ್ರಾಣದ ಗುಮಾಸ್ತರು ಬರುತ್ತಾರೆ. “ಸ್ವಲ್ಪ ಏಳಮ್ಮ, ಸೀಟಿನ ನಂಬರ್ ನೋಡ್ಬೇಕು. ಇವತ್ತೇ ತಗೊಂಡು ಹೋಗ್ಬೇಕು ಅಂದಿದ್ದಾರೆ.” ಸೊಸೆ ಗಾಬರಿಯಾಗಿ ಅತ್ತೆಯನ್ನು ಎಬ್ಬಿಸಲು ಹೋಗುತ್ತಾಳೆ. ಅಕ್ಕ ಬೇಡವೆಂದು ತಲೆಯಾಡಿಸುತ್ತಾರೆ. ದನಿ ಏರಿಸುವುದಿಲ್ಲ.

“ಇನ್ನೂ ಮೂರು ವಾರ ಇದೆಯಪ್ಪ. ಇಪ್ಪತ್ತಮೂರು ವರ್ಷ ನಿಮ್ಮ ಸೀಟು ಒರೆಸಿದ್ದೀನಿ, ಒಂದು ದಿನಾನೂ ಕೂತವಳಲ್ಲ. ಈಗ ಕೂತಿದ್ದೀನಿ. ಭುಜ ವಾಸಿಯಾಗೋವರೆಗೂ ಏಳಲ್ಲ.”