ಸಿನೆಮಾದಲ್ಲಿ ಇಲ್ಲದ ಹೊಲಿಗೆ ಮಶೀನ್

ಮೊನ್ನೆ ಅಂಗಡಿಯಿಂದ ತಂದ ಶಾವಿಗೆ ಪಾಕೀಟು ಒಡೆದಾಗ ಬಂದದ್ದು ಬರೀ ಪ್ಲಾಸ್ಟಿಕ್ಕಿನ ವಾಸನೆ. ತುಪ್ಪದಲ್ಲಿ ಹುರಿಯತೊಡಗಿದ ಮೇಲೆ ಗೋಧಿಯ ಹಳೆಯ ವಾಸನೆ ಎದ್ದಿತು. ಅದರ ಹಿಂದೆಯೇ ಎದುರುಮನೆಯ ಅಕ್ಕ ನೆನಪಿಗೆ ಬಂದಳು...

ಬೈಲಹೊಂಗಲದ ನಮ್ಮ ಓಣಿಯಲ್ಲಿ ಬೇಸಿಗೆ ಬಂತೆಂದರೆ ಹೆಂಗಸರೆಲ್ಲ ಅವಳ ಮನೆಯ ಪಡಸಾಲೆಯಲ್ಲಿ ಶಾವಿಗೆ ಹೊಸೆಯಲು ಕೂಡುತ್ತಿದ್ದರು. ಬೇಸರವಾಗಬಾರದೆಂದು ಅಕ್ಕ ಸಿನೆಮಾದ ಕಥೆ ಹೇಳಬೇಕು. ಕಾಲೇಜಿಗೆ ಹೋಗುತ್ತಿದ್ದರೂ ನಾನು ಟಾಕೀಜಿನ ಮೆಟ್ಟಿಲು ಹತ್ತುವಂತಿರಲಿಲ್ಲ, ಉಳಿದವರೂ ಅಷ್ಟೇ. ಅಕ್ಕ ಮಾತ್ರ ಹೊಲಿಗೆ ಕಲಿಯಲು ದೊಡವಾಡಕ್ಕೆ ಹೋಗುವಳು, ಅಲ್ಲಿಂದ ಹೊಲಿಗೆ ಟೀಚರಮ್ಮನ ಜೊತೆ ಧಾರವಾಡದ ಬಸ್ಸು ಹತ್ತಿ ಸಿನೆಮಾ ನೋಡಿ ಬರುವಳು. ವಯಸ್ಸು ಮೂವತ್ತು ದಾಟಿತ್ತು. ಮನೆಗೆ ಪುಕ್ಕಟೆ ಆಳು ಸಿಕ್ಕಿದೆಯೆಂದು ಅಣ್ಣ ಅವಳ ಮದುವೆಯ ಮಾತೇ ಎತ್ತಿರಲಿಲ್ಲ. ಆ ಅಣ್ಣನ ಹೆಂಡತಿಯನ್ನು ಓಣಿಯೆಲ್ಲ ವೈನಿ ಎನ್ನುತ್ತಿತ್ತು. ಕಥೆ ಕೇಳಲು ಎಲ್ಲರಿಗಿಂತ ಮುಂದೆ ಕೂಡುತ್ತಿದ್ದವಳು ಅವಳೇ.

ಆ ವರ್ಷ ಹೇಳಿದ್ದು ಇಬ್ಬರು ನರ್ಸುಗಳ ಕಥೆ. ಅವರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಗಂಡು ಹೆಣ್ಣು ಪ್ರೀತಿಸಿದ ಹಾಗೆ. ಅದನ್ನು ಹೇಳುವಾಗ ಅಕ್ಕ ಕೈಯಲ್ಲಿದ್ದ ಕಣಕವನ್ನೇ ನೋಡುತ್ತಿದ್ದಳು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರೂ ಯಾರೂ ಎದ್ದು ಹೋಗಲಿಲ್ಲ. ಕೊನೆಗೆ ಏನಾಯಿತೆಂದು ವೈನಿಯೇ ಕೇಳಿದಳು.

“ಏನಾಗತೈತಿ ವೈನಿ? ಇಬ್ರೂ ಬ್ಯಾರೆ ಊರಿಗೆ ಹೋಗಿ ಬಾಡಿಗಿ ಮನಿ ಹಿಡದ್ರು. ಕಿಡಕಿ ಮುಂದ ಒಂದ ಹೊಲಿಗಿ ಮಶೀನ್ ಇಟ್ಕೊಂಡ್ರು. ಒಬ್ಬಾಕಿ ಕತ್ತರಸೂದು, ಒಬ್ಬಾಕಿ ಹೊಲಿಯೂದು. ಆರಾಮ ಇದ್ರು.”

ಅಷ್ಟು ಚೆಂದದ ಕೊನೆಯನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ನರ್ಸುಗಳಿಗೆ ಹೊಲಿಗೆ ಯಾವಾಗ ಬಂತೆಂದು ಯಾರೂ ಕೇಳಲಿಲ್ಲ.

ಮಳೆಗಾಲದಲ್ಲಿ ಅದೇ ಸಿನೆಮಾ ಟಿ.ವಿ.ಯಲ್ಲಿ ಬಂತು. ವೈನಿ ಓಣಿಯನ್ನೇ ಕರೆದು ಕೂಡಿಸಿದಳು. ಅಕ್ಕ ಮೂಲೆಯಲ್ಲಿ ಮೊರ ಹಿಡಿದು ಕಾಳು ಹಸನು ಮಾಡುತ್ತಿದ್ದಳು... ಬಾಡಿಗೆ ಮನೆ ಬರಲೇ ಇಲ್ಲ. ಒಬ್ಬಳಿಗೆ ಹೊಡೆದು ಬಡಿದು ಮದುವೆ ಮಾಡಿದರು, ಇನ್ನೊಬ್ಬಳು ಕೆರೆಗೆ ಹಾರಿ ಸತ್ತಳು. ಸಿನೆಮಾ ಮುಗಿಯುತ್ತಲೇ ವೈನಿ ನಗುನಗುತ್ತ ಅಕ್ಕನ ಕಡೆ ತಿರುಗಿ ಕೂತಳು.

“ಇದರಾಗ ಹೊಲಿಗಿ ಮಶೀನ್ ಎಲ್ಲೈತಿ ಯವ್ವಾ?”

ಅಕ್ಕ ಮೊರದಲ್ಲಿನ ಕಲ್ಲು ಹೆಕ್ಕುತ್ತಲೇ ಇದ್ದಳು.

“ತಡಿ, ನಾನ ಹೇಳತೇನಿ. ಮಶೀನ್ ದೊಡವಾಡದಾಗ ಐತಿ,” ಎಂದಳು ವೈನಿ.

ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ನನ್ನ ಅವ್ವನೂ.

ಮರುದಿನ ಅಣ್ಣ ನಾಲ್ಕು ಮಂದಿಯನ್ನು ಕಟ್ಟಿಕೊಂಡು ದೊಡವಾಡಕ್ಕೆ ಹೋದ. ಟೀಚರಮ್ಮನ ಮಶೀನನ್ನು ಕಟ್ಟೆಯ ಮೇಲಿಂದ ರಸ್ತೆಗೆ ಉರುಳಿಸಿದರಂತೆ. ಆಕೆ ಸಂಜೆಯ ಬಸ್ಸಿಗೆ ಊರು ಬಿಟ್ಟಳು, ಎಲ್ಲಿಗೆ ಹೋದಳೋ... ಇಷ್ಟು ವರ್ಷ ಬಾಯಿ ಬಿಡದ ಅಣ್ಣನಿಗೆ ಒಮ್ಮೆಲೇ ತಂಗಿಯ ಮದುವೆಯ ಚಿಂತೆ ಹತ್ತಿತು. ದಸರೆಗೆ ಮೊದಲೇ ಅವಳನ್ನು ಕಟಕೋಳದಲ್ಲಿ ಹೆಂಡತಿ ಸತ್ತವನೊಬ್ಬನಿಗೆ ಕೊಟ್ಟು ಕೈ ತೊಳೆದುಕೊಂಡರು. ಅಕ್ಷತೆ ಹಾಕುವಾಗ ವೈನಿ ಕಣ್ಣು ಒರೆಸಿಕೊಂಡಳು. ಅಂಥವರಿಗೆ ಕಣ್ಣೀರಿಗೇನು ಬರ!

ಕೆಲವು ವರ್ಷಗಳ ಮೇಲೆ ಕಟಕೋಳದಲ್ಲಿ ಅವಳನ್ನು ಕಂಡೆ. ಅಲ್ಲಿಯೂ ಬೇಸಿಗೆ, ಅಲ್ಲಿಯೂ ಶಾವಿಗೆ, ಸುತ್ತ ಆ ಓಣಿಯ ಹೆಂಗಸರು. ಕಥೆ ಹೇಳೆಂದು ಅವರು ಗಂಟುಬಿದ್ದಿದ್ದರು. ಆ ಚೆಂದದ ಕೊನೆಯನ್ನು ಇನ್ನೊಮ್ಮೆ ಕೇಳುವ ಆಸೆಗೆ ನಾನೂ “ನರ್ಸಗೋಳ ಕಥಿ ಹೇಳಕ್ಕಾ” ಎಂದೆ. ಅಕ್ಕ ನನ್ನನ್ನು ಒಂದು ಸಲ ನೋಡಿ ಶುರು ಮಾಡಿದಳು. ಟಿ.ವಿ.ಯಲ್ಲಿ ಬಂದ ಹಾಗೆಯೇ ಹೇಳಿದಳು, ಒಂದು ಮಾತೂ ಆಚೀಚೆ ಇಲ್ಲ.

“ಕೆರೀಗೆ ಹಾರಿ ಸತ್ಲು. ಮುಗೀತು.”

“ಚಲೋ ಆತು ಬಿಡವಾ,” ಎಂದಳು ಒಬ್ಬ ಮುದುಕಿ.

“ಹೌದ್ರಿ. ಚಲೋ ಆತು,” ಎಂದು ಅಕ್ಕ ಇನ್ನೊಂದು ಉಂಡೆ ಕಣಕ ತೆಗೆದುಕೊಂಡಳು.

ಹೋದ ವರ್ಷ ಅಕ್ಕ ತೀರಿಕೊಂಡಳು. ವೈನಿ ಗಟ್ಟಿಮುಟ್ಟಾಗಿದ್ದಾಳೆ, ದಿನಾ ಧಾರಾವಾಹಿ ನೋಡುತ್ತಾಳೆ. ಇಬ್ಬರು ಹೆಂಗಸರು ಕೊನೆಯವರೆಗೂ ಬದುಕಿ ಉಳಿಯುವ ಸಿನೆಮಾ, ಕಾದಂಬರಿ ಈಗ ಬರುತ್ತಿವೆ. ಅಂಥ ಒಂದು ಸಿನೆಮಾವನ್ನು ಈಚೆಗೆ ಮೊಬೈಲಿನಲ್ಲಿ ನೋಡಿದೆ. ಇಬ್ಬರೂ ಬೇರೆ ಊರಿಗೆ ಹೋಗಿ ಬಾಡಿಗೆ ಮನೆ ಹಿಡಿದರು. ಅಕ್ಕಾ, ನೀ ಹೇಳಿದ್ದ ಖರೆ ಆತು ನೋಡು ಎಂದು ಹೇಳಲು ಯಾರಿದ್ದಾರೆ... ಕಿಟಕಿಯ ಮುಂದೆ ಒಂದು ಹೂವಿನ ಕುಂಡ ಇತ್ತು. ಮಶೀನ್ ಇರಲಿಲ್ಲ.

ಹುರಿದ ಶಾವಿಗೆಗೆ ಹಾಲು ಹಾಕಿ ಪಾಯಸ ಮಾಡಿದೆ. ಮನೆಯವರು ಚೆನ್ನಾಗಿದೆ ಎಂದು ಮತ್ತೆ ಮತ್ತೆ ಬಡಿಸಿಕೊಂಡರು. ನಾನು ನನ್ನ ಬಟ್ಟಲನ್ನೂ ಅವರ ಕಡೆಗೇ ಸರಿಸಿದೆ.