ಗಂಧರಾಜಕ್ಕೆ ಬಾಯ್ಲರ್ ನೀರು

ಮದುವೆಯಾಗಿ ವಿಮಾನಪುರದ ಕ್ವಾರ್ಟರ್ಸಿಗೆ ಬಂದ ಮೊದಲ ವಾರದಲ್ಲೇ ನನಗೆ ಅಲ್ಲಿನ ನೀರಿನ ಮೇಲೆ ಸಿಟ್ಟು ಬಂತು. ಬೇಳೆ ಎಷ್ಟು ಬೇಯಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಸೋಪು ಉಜ್ಜಿದರೆ ನೊರೆ ಬರುವುದಿರಲಿ, ಬಟ್ಟೆಗೆ ಮೇಣದ ಹಾಗೆ ಅಂಟಿಕೊಳ್ಳುತ್ತಿತ್ತು. ಸೀಗೆಪುಡಿ ಹಾಕಿ ತಲೆ ತೊಳೆದುಕೊಂಡ ದಿನವೂ ಕೂದಲು ತೆಂಗಿನ ನಾರು. ಸ್ನಾನದ ಹಂಡೆಯ ಒಳಗೆ ಬಿಳಿಯ ಸುಣ್ಣ ದಪ್ಪಗೆ ಕಟ್ಟಿತ್ತು. ನನಗಿಂತ ಮೊದಲು ಆ ಮನೆಯಲ್ಲಿದ್ದವರು ಬಿಟ್ಟುಹೋದ ಆಸ್ತಿ ಅದು. ನಾನು ಹಲಸೂರಿನವಳು. ತವರುಮನೆಯ ಹಿತ್ತಲಲ್ಲಿ ಸಿಹಿನೀರಿನ ಬಾವಿ ಇತ್ತು. ಗಂಡಂದಿರಿಗೆ ಒಂದು ಸ್ವಭಾವ ಇರುತ್ತದೆ, ಹೊಂದಿಕೊಳ್ಳಬೇಕು ಎಂದು ಅಮ್ಮ ಹೇಳಿಕೊಟ್ಟಿದ್ದಳೇ ಹೊರತು ನೀರಿಗೂ ಇರುತ್ತದೆ ಎಂದು ಹೇಳಿರಲಿಲ್ಲ.

ಅರವತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದರು. ಅವರು ಒಳ್ಳೆಯವರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಆದರೆ ಅವರ ಬಾಯಿಂದ ಮಾತು ಹೊರಡಿಸುವುದು ಮಾತ್ರ ಕಲ್ಲಿನಿಂದ ಎಣ್ಣೆ ತೆಗೆದ ಹಾಗೆ. "ಹೂಂ." "ಸರಿ." "ಇವತ್ತು ಸೆಕೆಂಡ್ ಶಿಫ್ಟು." ಇಷ್ಟರಲ್ಲಿ ನಮ್ಮ ಸಂಸಾರ ನಡೆಯುತ್ತಿತ್ತು. ಹೊಸದಾಗಿ ಮದುವೆಯಾದ ಬೇರೆ ಹೆಂಗಸರು ಶಿವಾಜಿನಗರದ ಕಡೆ ಸಿನಿಮಾಕ್ಕೆ ಹೋಗಿ ಬಂದು ವಾರವಿಡೀ ಕಥೆ ಹೇಳುತ್ತಿದ್ದರು. ನನ್ನ ಗಂಡ ಸಂಜೆ ಬಂದು, ಕೈಕಾಲು ತೊಳೆದು, ರೇಡಿಯೋದ ಪಕ್ಕ ಕೂತರೆ ರೇಡಿಯೋವೇ ಹೆಚ್ಚು ಮಾತಾಡುತ್ತಿತ್ತು. ನನಗೆ ಕೆಲವು ಸಲ ಅಳು ಬರುತ್ತಿತ್ತು. ಇವರಿಗೆ ನಾನು ಬೇಕೋ ಬೇಡವೋ ಎಂದೇ ತಿಳಿಯುತ್ತಿರಲಿಲ್ಲ.

ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಒಂದು ಗಂಧರಾಜದ ಗಿಡ. ತವರಿನ ಬಾವಿಕಟ್ಟೆಯ ಬಳಿಯಿದ್ದ ತಾಯಿಗಿಡದ ಕೊಂಬೆಯನ್ನು ಬೇರು ಬರಿಸಿ ಅಮ್ಮ ಕುಂಡದಲ್ಲಿ ನೆಟ್ಟು ಕೊಟ್ಟಿದ್ದಳು. ನಮ್ಮದು ಮಹಡಿಯ ಮೇಲಿನ ಮನೆ, ಹಿತ್ತಲಿಲ್ಲ. ಮೆಟ್ಟಿಲ ಬಳಿ ಇಟ್ಟರೆ ಮೇಕೆ ಬಿಡುವುದಿಲ್ಲ, ಮೇಕೆ ಬಿಟ್ಟರೆ ಹುಡುಗರ ಚೆಂಡು ಬಿಡುವುದಿಲ್ಲ. ಹಾಗಾಗಿ ಗಿಡ ಹಜಾರದ ಕಿಟಕಿಯ ಕೆಳಗೆ, ಬೆಳಗಿನ ಬಿಸಿಲು ಬೀಳುವ ಕಡೆ, ಮನೆಯೊಳಗೇ ಇತ್ತು. ಬಂದಾಗ ಎಲೆಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಎರಡು ತಿಂಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕದ್ದೆಲ್ಲ ಹಳದಿಯಾಯಿತು. ಮೊಗ್ಗು ಬಿಡುತ್ತಿತ್ತು, ಅರಳುವ ಮುಂಚೆಯೇ ಉದುರುತ್ತಿತ್ತು.

ಶಾಲೆಯ ಪುಸ್ತಕದಲ್ಲಿ ಓದಿದ್ದು ನೆನಪಾಗಿ ಮೂರು ಮಡಕೆ ತರಿಸಿ ಒಂದರ ಮೇಲೊಂದು ಇಟ್ಟೆ. ಮೇಲಿನದರಲ್ಲಿ ಜಲ್ಲಿ ಮತ್ತು ಮರಳು, ನಡುವಿನದರಲ್ಲಿ ಇಸ್ತ್ರಿಯವನಿಂದ ತಂದ ಇದ್ದಿಲು, ತಳದ ಮಡಕೆಗೆ ತೊಟ್ಟಿಕ್ಕುವ ನೀರು ಗಿಡಕ್ಕೆ. ನೀರು ಕನ್ನಡಿಯಷ್ಟು ತಿಳಿಯಾಗಿ ಬರುತ್ತಿತ್ತು. ಅದರಲ್ಲಿ ಒಂದು ಹಿಡಿ ಬೇಳೆ ಬೇಯಿಸಿ ನೋಡಿದೆ, ಮತ್ತದೇ ಕಾಳು. ಕೊಳೆ ಕಣ್ಣಿಗೆ ಕಾಣುವಂಥದ್ದಾದರೆ ಮರಳು ಹಿಡಿಯುತ್ತದೆ, ಸುಣ್ಣ ನೀರಿನಲ್ಲಿ ಕರಗಿಯೇ ಬಂದಿರುತ್ತದೆ, ಅದನ್ನು ಮರಳು ಏನು ಮಾಡೀತು ಎಂದು ಆಮೇಲೆ ಹೊಳೆಯಿತು. ಕೆಳಗಿನ ಮನೆಯ ತಮಿಳಿನ ಅಕ್ಕ ಬಂದು ಮಡಕೆಗಳನ್ನು ನೋಡಿ, "ಏನಮ್ಮಾ, ಮನೇಲೇ ಅರವಟ್ಟಿಗೆ ಇಟ್ಟಿದೀಯ?" ಎಂದು ನಕ್ಕರು. ನಾನೂ ನಕ್ಕೆ. ಮಳೆನೀರು ಹಿಡಿಯೋಣವೆಂದರೆ ಬೇಸಿಗೆ ಆಗಷ್ಟೇ ಶುರುವಾಗಿತ್ತು.

ಹಲಸೂರಿಗೆ ಹೋದಾಗ ಅಮ್ಮನಿಗೆ ಹೇಳಿದೆ. "ನೀರನ್ನ ಚೆನ್ನಾಗಿ ಕುದಿಸು, ಆರಕ್ಕೆ ಬಿಡು. ಬೆಳ್ಳಗೆ ತಳದಲ್ಲಿ ಕೂತ್ಕೊಳ್ಳುತ್ತೆ. ಅಲ್ಲಾಡಿಸ್ದೆ ಮೇಲಿನ ನೀರು ಬಗ್ಗಿಸ್ಕೋ," ಎಂದಳು. ಅಂದಿನಿಂದ ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಸೀಮೆಎಣ್ಣೆ ಸ್ಟೌವಿನ ಮೇಲೆ ಒಂದು ಪಾತ್ರೆ ನೀರು ಗಿಡಕ್ಕೆಂದೇ ಕುದಿಯುತ್ತಿತ್ತು. ಕುದಿಸಿ, ಆರಿಸಿ, ಹಳೆಯ ಪಂಚೆಯಲ್ಲಿ ಸೋಸಿ ಹಾಕತೊಡಗಿದೆ. ನಿಧಾನವಾಗಿ ಒಂದು ಹೊಸ ಚಿಗುರು ಹಸಿರಾಗಿಯೇ ಬಂತು. ಆದರೆ ಸೀಮೆಎಣ್ಣೆ ರೇಷನ್ನಿನದು. ಮನುಷ್ಯರ ಕಾಫಿಗೇ ಅಳೆದು ಉರಿಸುವ ಕಾಲದಲ್ಲಿ ಗಿಡಕ್ಕೆ ನೀರು ಕಾಯಿಸುವ ಸೊಸೆಯನ್ನು ಊರಿನ ಅತ್ತೆ ನೋಡಿದ್ದರೆ ಅಲ್ಲೇ ಮಂಗಳಾರತಿ ಆಗುತ್ತಿತ್ತು.

ಒಂದು ಮಧ್ಯಾಹ್ನ ನನ್ನ ಗಂಡ ಬೇಗ ಬಂದುಬಿಟ್ಟರು. ನಾನು ಸ್ಟೌವಿನ ಮುಂದೆ ಕೂತು ಕುದಿಯುವ ನೀರನ್ನು ನೋಡುತ್ತಿದ್ದೆ.

"ಯಾರಿಗೆ ಬಿಸಿನೀರು?" ಎಂದರು.

"ಗಿಡಕ್ಕೆ," ಎಂದೆ. ಬೈಗುಳಕ್ಕೆ ಕಾದೆ. ಅವರು ಗಿಡದ ಹತ್ತಿರ ಹೋಗಿ ಒಂದು ಹಳದಿ ಎಲೆಯನ್ನು ಮುಟ್ಟಿ ನೋಡಿ, "ಹೂಂ" ಎಂದು ಒಳಗೆ ಹೋದರು.

ಮರುದಿನ ಸಂಜೆ ಅವರ ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಅಲ್ಯೂಮಿನಿಯಂ ಹಾಲಿನ ಕ್ಯಾನು ನೇತಾಡುತ್ತಿತ್ತು. ಮೇಲೆ ತಂದು ನನ್ನ ಮುಂದೆ ಇಟ್ಟು, "ಸಾಫ್ಟ್ ನೀರು. ಬಾಯ್ಲರಿಗೆ ಹಾಕೋದು. ಸುಣ್ಣ ಇರಲ್ಲ. ಇನ್ನು ಕಾಯಿಸ್ಬೇಡ," ಎಂದರು. ಮದುವೆಯಾದ ಮೇಲೆ ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ.

ಬಾಯ್ಲರಿನಲ್ಲಿ ಸುಣ್ಣ ಕಟ್ಟಿದರೆ ಅಪಾಯ, ಅದಕ್ಕೆಂದು ಕಾರ್ಖಾನೆಯಲ್ಲಿ ನೀರನ್ನು ಮೆದು ಮಾಡುವ ದೊಡ್ಡ ಟ್ಯಾಂಕು ಇತ್ತಂತೆ. ಅದನ್ನು ನೋಡಿಕೊಳ್ಳುವುದೇ ಇವರ ಕೆಲಸ. ಆ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಉಳಿದದ್ದರಲ್ಲಿ ತಲೆ ತೊಳೆದುಕೊಂಡೆ, ಕೂದಲು ಹಲಸೂರಿನ ಕೂದಲಾಯಿತು. ದಿನಾ ಸಂಜೆ ಕ್ಯಾನು ಬರತೊಡಗಿತು. ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಅದರಲ್ಲಿ ಏನೋ ಸ್ಪಿರಿಟ್ಟು ಇದೆ ಎಂದು ತಡೆದನಂತೆ, ಇವರು ಎಲ್ಲರೆದುರು ಅದನ್ನು ಕುಡಿದು ತೋರಿಸಬೇಕಾಯಿತಂತೆ. "ಹೆಂಡ್ತಿಗೆ ಗಂಗೆ ಹೊತ್ತೊಯ್ತಾನೆ ಭಗೀರಥ" ಎಂದು ಜೊತೆಯವರು ದಿನಾ ರೇಗಿಸುತ್ತಾರಂತೆ. ಇದೆಲ್ಲ ನನಗೆ ಹೇಳಿದ್ದು ಕೆಳಗಿನ ಮನೆಯ ಅಕ್ಕ. ಅವರ ಯಜಮಾನರೂ ಅದೇ ಶಿಫ್ಟಿನಲ್ಲಿದ್ದರು. ಇವರು ಒಂದು ಮಾತೂ ಹೇಳಿರಲಿಲ್ಲ. ಅಂದು ಅಡುಗೆಮನೆಯಲ್ಲಿ ನಿಂತು ನಾನು ಸಂತೋಷಕ್ಕೆ ಅತ್ತೆ. ಬೇಕೋ ಬೇಡವೋ ಎಂಬ ನನ್ನ ಪ್ರಶ್ನೆಗೆ ಉತ್ತರ ದಿನಾ ಸೈಕಲ್ಲಿನ ಮೇಲೆ ಬರುತ್ತಿತ್ತು.

ಕ್ಯಾನಿನ ಜೊತೆಗೆ ಮಾತೂ ಬಂತು. ಮೆಟ್ಟಿಲು ಹತ್ತಿ ಬಂದವರು ನೇರ ಗಿಡದ ಬಳಿ ಹೋಗಿ ತಾವೇ ನೀರು ಹಾಕುತ್ತಿದ್ದರು. ಹಾಕುತ್ತಾ, ಇವತ್ತು ಆವಿ ಒತ್ತಡ ಏರಲೇ ಇಲ್ಲ, ಕ್ಯಾಂಟೀನಿನ ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ ಎಂದು ಒಂದೊಂದೇ ವರದಿ ಒಪ್ಪಿಸುತ್ತಿದ್ದರು. ನನ್ನ ಕಡೆ ನೋಡದೆ ಗಿಡಕ್ಕೇ ಹೇಳುವವರಂತೆ ಹೇಳುತ್ತಿದ್ದರು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ನೀರು ಹಾಕುವ ಆ ಹೊತ್ತಿಗಾಗಿ ಬೆಳಗಿನಿಂದ ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ.

ಆದರೆ ಗಿಡ ಸುಧಾರಿಸಲಿಲ್ಲ. ಎಲೆಗಳ ತುದಿ ಕಂದಿ, ಅಂಚು ಬೆಂಕಿ ತಾಗಿದಂತೆ ಸುಟ್ಟಿತು. ಕುಂಡದ ಮಣ್ಣು ನುಣ್ಣಗೆ ಗಟ್ಟಿಯಾಗಿ, ಹಾಕಿದ ನೀರು ಕೆಳಗಿಳಿಯದೆ ಸಾರಿಸಿದ ನೆಲದ ಮೇಲೆ ನಿಂತ ಹಾಗೆ ನಿಲ್ಲುತ್ತಿತ್ತು. ಕುದಿಸಿದ ನೀರಿಗೆ ಬಂದಿದ್ದ ಆ ಒಂದು ಚಿಗುರೂ ಕಪ್ಪಾಯಿತು.

ಮುಂದಿನ ಸಲ ಹಲಸೂರಿಗೆ ನಾನೊಬ್ಬಳೇ ಹೋಗಿದ್ದೆ. ನನ್ನ ಸ್ವಂತ ಅಕ್ಕ, ಭಾವ ಊಟಕ್ಕೆ ಬಂದಿದ್ದರು. ಭಾವ ಶಿವಾಜಿನಗರದ ಒಂದು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಮೇಷ್ಟರು; ಸಾರನ್ನೂ ಪಾಠ ಮಾಡಿಯೇ ಉಣ್ಣುವವರು. ಅಷ್ಟು ಒಳ್ಳೆಯ ನೀರು ಹಾಕಿದರೂ ಗಿಡ ಯಾಕೆ ಹೀಗೆ ಎಂದು ಕೇಳಿದೆ.

"ಆ ಟ್ಯಾಂಕಿಗೆ ನಿಮ್ಮೆಜಮಾನ್ರು ಉಪ್ಪಿನ ಮೂಟೆ ಸುರೀತಾರಾ, ಕೇಳಿದೀಯಾ?" ಎಂದರು ಭಾವ.

"ಸುರೀತಾರೆ. ದಿನಾ ಬೆನ್ನುನೋವು ಅಂತಾರೆ."

"ಅಷ್ಟೇ ಮತ್ತೆ. ಆ ಟ್ಯಾಂಕು ಸುಣ್ಣದಂಶ ತಾನು ಇಟ್ಕೊಂಡು, ಅದರ ಬದಲು ಉಪ್ಪಿನಲ್ಲಿರೋ ಸೋಡಾದಂಶ ನೀರಿಗೆ ಬಿಡುತ್ತಮ್ಮ. ಬಾಯ್ಲರಿಗೆ ಅಮೃತ, ಬೇಳೆಗೂ ಸರಿ. ಗಿಡಕ್ಕೆ ವಿಷ. ಇದಕ್ಕಿಂತ ನಲ್ಲಿ ನೀರೇ ವಾಸಿ. ಮೊದಲು ನಿಲ್ಸೋಕೆ ಹೇಳು ಅವರಿಗೆ."

ಹೇಳು. ಎಷ್ಟು ಸುಲಭ. ವಾಪಸು ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ಆ ಮಾತನ್ನು ಒಳಗೇ ಕಟ್ಟಿ ಕಟ್ಟಿ ನೋಡಿದೆ. ನೀವು ತರುವ ನೀರಿನಿಂದಲೇ ಗಿಡ ಸಾಯುತ್ತಿದೆ ಎನ್ನುವುದನ್ನು ನಯವಾಗಿ ಹೇಳುವ ಮಾತು ಕನ್ನಡದಲ್ಲಿಲ್ಲ. ಗೇಟಿನಲ್ಲಿ ಎಲ್ಲರೆದುರು ಕುಡಿದು ತೋರಿಸಿದ ಮನುಷ್ಯನಿಗೆ ಹೇಗೆ ಹೇಳುವುದು? ಹೇಳಿದರೆ ಕ್ಯಾನು ನಿಲ್ಲುತ್ತದೆ, ಅದರ ಜೊತೆ ಸಂಜೆಯ ಮಾತೂ ನಿಲ್ಲುತ್ತದೆ, ಮತ್ತೆ ರೇಡಿಯೋ. ಹೇಳದಿದ್ದರೆ ಅಮ್ಮ ಕೊಟ್ಟ ಗಿಡ ಹೋಗುತ್ತದೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಆ ಸಂಜೆ ಅವರು ಕ್ಯಾನಿನ ಮುಚ್ಚಳ ತೆಗೆಯುವಾಗ ಧೈರ್ಯ ಮಾಡಿದೆ. "ರೀ, ಈ ನೀರು..." ಎಂದೆ.

ತಟ್ಟನೆ ತಿರುಗಿ ನೋಡಿದರು. "ಸಾಲ್ತಾ ಇಲ್ವಾ?"

ಆ ಮುಖದಲ್ಲಿದ್ದ ಆತಂಕ ನೋಡಿ, "ಸಾಲ್ತಾ ಇದೆ," ಎಂದೆ.

ಆಮೇಲೆ ಕಳ್ಳಾಟ ಶುರುವಾಯಿತು. ಅವರಿಗೆ ಸೆಕೆಂಡ್ ಶಿಫ್ಟು ಇದ್ದ ವಾರ, ಅವರು ರಾತ್ರಿ ತಂದಿಟ್ಟ ಕ್ಯಾನಿನ ನೀರನ್ನೆಲ್ಲ ಮರುದಿನ ಬೇಳೆಗೆ, ಬಟ್ಟೆಗೆ ಬಳಸಿ, ಗಿಡಕ್ಕೆ ಕದ್ದು ಕುದಿಸಿದ ನೀರು ಹಾಕಿದೆ. ಮಣ್ಣಿನಲ್ಲಿದ್ದ ಸೋಡಾ ತೊಳೆದುಹೋಗಲಿ ಎಂದು ಒಂದು ಮಧ್ಯಾಹ್ನ ಧಾರಾಳವಾಗಿ ಸುರಿದೆ. ಅದು ಕುಂಡದ ತಳದಿಂದ ಹರಿದು, ಕಿಟಕಿಯ ಕೆಳಗಿನ ಬಿರುಕಿನಿಂದ ಇಳಿದು, ಕೆಳಗಿನ ಮನೆಯ ಅಕ್ಕ ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಫಸ್ಟ್ ಶಿಫ್ಟಿನ ವಾರ ಬಂದರೆ ಮತ್ತೆ ಸಂಜೆ ಅವರೇ ನೀರು ಹಾಕುವರು. ಒಂದು ವಾರ ನಾನು ತೊಳೆದದ್ದನ್ನು ಇನ್ನೊಂದು ವಾರ ಅವರು ತುಂಬುವರು. ಎಲೆಗಳು ಉದುರಿದಷ್ಟೂ ಅವರು ಹೆಚ್ಚು ಪ್ರೀತಿಯಿಂದ ಹಾಕುವರು, ಬುಡದ ಸುತ್ತ ಬೆರಳಿನಿಂದ ಮಣ್ಣು ಸಡಿಲಿಸಿ, ಚೊಂಬಿನಿಂದ ನಿಧಾನವಾಗಿ. ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ಕ್ಯಾಂಟೀನಿನ ಕಥೆ ಕೇಳಿ ನಗುತ್ತಲೂ ಇದ್ದೆ.

ಮೊದಲ ಮಳೆ ಬೀಳುವ ಹೊತ್ತಿಗೆ ಗಿಡದಲ್ಲಿ ಎಲೆ ಇರಲಿಲ್ಲ. ಒಂದು ಭಾನುವಾರ ಅವರು ಕಾಂಡವನ್ನು ಉಗುರಿನಿಂದ ಗೀರಿದರು. ಒಳಗೆ ಹಸಿರಿರಲಿಲ್ಲ, ಒಣ ಕಂದು. ಇನ್ನೊಂದು ಕಡೆ ಗೀರಿದರು, ಅಲ್ಲೂ ಅದೇ. ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಒಂದು ಕ್ಯಾನು ಸಾಲ್ಲಿಲ್ಲ," ಎಂದರು. "ಆಗ್ಲೇ ಎರಡು ತರ್ಬೇಕಿತ್ತು. ನಂದೇ ತಪ್ಪು."

ನನಗೆ ತಡೆಯಲಾಗಲಿಲ್ಲ, ಗಟ್ಟಿಯಾಗಿ ಅತ್ತುಬಿಟ್ಟೆ. ಅವರು ಗಾಬರಿಯಾಗಿ ಎದ್ದು ಬಂದು, ಏನು ಮಾಡಬೇಕೆಂದು ತಿಳಿಯದೆ, ಮಣ್ಣು ಮೆತ್ತಿದ ಕೈಯನ್ನು ನನ್ನ ತಲೆಯ ಮೇಲೆ ಇಟ್ಟರು. "ಅಳ್ಬೇಡ. ಗಿಡ ಅಲ್ವಾ, ಇನ್ನೊಂದು ತರೋಣ," ಎಂದರು. ಈಗ ಹೇಳಬೇಕು, ಈಗಲಾದರೂ ಹೇಳಬೇಕು ಎಂದು ಬಾಯಿ ತೆರೆದೆ. ಆ ಕೈ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಲಿ ಎನಿಸಿ ಸುಮ್ಮನಾದೆ.

ಮರುದಿನ ಅವರು ಬರುವುದು ತಡವಾಯಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಸೈಕಲ್ಲನ್ನು ತಳ್ಳಿಕೊಂಡು ನಡೆದೇ ಬರುತ್ತಿದ್ದರು, ಹತ್ತುವ ಹಾಗಿರಲಿಲ್ಲ. ಹಿಂದಿನ ಕ್ಯಾರಿಯರಿಗೆ ಎಲ್ಲಿಂದಲೋ ತಂದ ಹೊಸ ಗಂಧರಾಜದ ಕುಂಡವನ್ನು ಹಗ್ಗದಿಂದ ಬಿಗಿದಿದ್ದರು. ತುಂಬಾ ಎಲೆ, ಎರಡು ಮೊಗ್ಗು. ಹ್ಯಾಂಡಲ್ಲಿನ ಆ ಕಡೆ ಒಂದು, ಈ ಕಡೆ ಒಂದು, ಎರಡು ಕ್ಯಾನುಗಳು. ಕತ್ತೆತ್ತಿ ನನ್ನನ್ನು ನೋಡಿ ಅವರು ನಕ್ಕರು. ನಾನು ಕೆಳಗಿಳಿದು ಹೋಗಿ ಒಂದು ಕ್ಯಾನು ಇಸಿದುಕೊಂಡೆ.